ಹೊಲಸು ಸ್ಪಂಜಿನ ಹೆಪ್ಪು

ನಾನು ನಿವೃತ್ತನಾಗಿದ್ದೇನೆ. ವಯಸ್ಸು ಮೂವತ್ತೊಂದು. ನಗಬೇಡಿ. ಹಾರ ಹಾಕಲಿಲ್ಲ, ಶಾಲು ಹೊದಿಸಲಿಲ್ಲ. ಎಲುಬಿನ ಡಾಕ್ಟರು ನನ್ನ ಬೆನ್ನಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಇನ್ನ ಮ್ಯಾಲೆ ನೀರಿನ ಬಕೀಟು ಎತ್ತಿದ್ಯಪ್ಪಾ ಅಂದ್ರ, ನಿನ್ನ ನಾಕ ಮಂದಿ ಎತ್ತಬೇಕಾಗ್ತದ" ಎಂದರು. ಬೀಳ್ಕೊಡುಗೆ ಸಮಾರಂಭ ಅಲ್ಲಿಗೇ ಮುಗಿಯಿತು.

ಕಾಲೇಜು ಬಿಟ್ಟಾಗಿನಿಂದ ನಾನು ಮಾಡಿದ್ದು ಒಂದೇ ಕೆಲಸ: ಮನೆಮನೆಯ ಮೀನಿನ ತೊಟ್ಟಿ ತೊಳೆಯುವುದು. ರಾಯಚೂರಿನಲ್ಲಿ ಬಸಣ್ಣ ಮಾಲಕರ ಅಕ್ವೇರಿಯಂ ಅಂಗಡಿ. ಅಲ್ಲಿಂದ ಬೈಕಿನ ಹಿಂದೆ ಬಕೆಟ್ಟು, ಪೈಪು, ಬಲೆ ಕಟ್ಟಿಕೊಂಡು ಕಲ್ಮಲ, ಮಾನ್ವಿ, ದೇವದುರ್ಗ ಎಂದು ತಿರುಗುವುದು. ಹಳ್ಳಿಯ ಹುಡುಗರು ನನ್ನನ್ನು ಐಸ್‌ಕ್ಯಾಂಡಿಯವನು ಎಂದು ಓಡಿಬಂದು, ಬಕೆಟ್ಟಿನೊಳಗಿನ ಪಾಚಿ ನೀರು ನೋಡಿ ಬೈದು ಹೋಗುತ್ತಿದ್ದರು. ಈಗ ತಮ್ಮನ ಝೆರಾಕ್ಸ್ ಅಂಗಡಿಯಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕುಳಿತಿದ್ದೇನೆ. ನನ್ನ ಜಾಗಕ್ಕೆ ರೇಣುಕಾ ಎಂಬ ಹೊಸ ಹುಡುಗಿ ಸೇರಿದ್ದಾಳೆ. ಮೊನ್ನೆ ಬಂದು, "ಅಣ್ಣಾ, ಎಲ್ಲಾ ತಿಳೀತು. ಫಿಲ್ಟರ್ ಯಾವಾಗ ಬದಲಿ ಮಾಡಬೇಕು ಅನ್ನೂದೊಂದು ತಿಳೀವಲ್ತು. ಒಬ್ಬೊಬ್ರು ಒಂದೊಂದು ಹೇಳ್ತಾರ" ಎಂದಳು. ಬಾಯಲ್ಲಿ ಹೇಳಲು ಹೋದರೆ ನನಗೊಂದು ಚಟ ಇದೆ: ಯಾರ ಮಾತು ಹೇಳುತ್ತೇನೋ ಅವರ ದನಿಯನ್ನೇ ತೆಗೆಯುತ್ತೇನೆ. ಕೇಳುವವರು ನಕ್ಕು ನಕ್ಕು ಮುಖ್ಯವಾದ್ದನ್ನು ಮರೆಯುತ್ತಾರೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ರೇಣುಕಾ, ಓದು.

ಮೊದಲು ನಮ್ಮ ಮಾಲಕರ ಪದ್ಧತಿ ಹೇಳುತ್ತೇನೆ. ಬಸಣ್ಣ ಮಾಲಕರು ಹಣೆ ತುಂಬ ವಿಭೂತಿ ಹಚ್ಚುವ ಮನುಷ್ಯ. ಬಾಯಲ್ಲಿ ಸದಾ ಅಡಿಕೆ ಇರುವುದರಿಂದ ಅವರ ಮಾತು ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಮೀನಿನ ಅಂಗಡಿಯವರಿಗೆ ಸರಿಯಾದ ದನಿ. ಅವರ ನಿಯಮ ಒಂದೇ: ಅಮಾವಾಸ್ಯೆ. ನಮ್ಮ ಕಡೆ ಅಮಾಸಿ ಬಂದರೆ ಮನೆ ತೊಳೆಯುತ್ತಾರೆ, ಗಾಡಿ ತೊಳೆಯುತ್ತಾರೆ, ಅಂಗಡಿಯ ತಕ್ಕಡಿ ತೊಳೆಯುತ್ತಾರೆ. "ಗಾಡೀನ ತೊಳ್ಯಾಕ ಅಮಾಸಿ ಬೇಕು, ಮೀನಿಗೆ ಬ್ಯಾಡೇನ್ಲೇ ಮಂಗ್ಯಾ?" ಎನ್ನುವುದು ಅವರ ವಾದ. ನನ್ನ ಹೆಸರು ಹನುಮೇಶ. ಮಾಲಕರು ಅದನ್ನು ಮಂಗ್ಯಾ ಎಂದು ಕನ್ನಡಕ್ಕೆ ಅನುವಾದ ಮಾಡಿದ್ದರು.

ಹಾಗಾಗಿ ಪ್ರತಿ ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ ನಾನು ತೊಟ್ಟಿಯ ನೀರನ್ನೆಲ್ಲ ಚೆಲ್ಲುವುದು, ಕಲ್ಲುಗಳನ್ನು ನಲ್ಲಿಯ ಕೆಳಗೆ ತಿಕ್ಕುವುದು, ಫಿಲ್ಟರಿನೊಳಗಿನ ಸ್ಪಂಜು ತೆಗೆದೆಸೆದು ಹೊಸದು ಹಾಕುವುದು. ಕೆಲಸ ಮುಗಿದಾಗ ತೊಟ್ಟಿ ಆಭರಣದ ಅಂಗಡಿಯ ಹಾಗೆ ಹೊಳೆಯುತ್ತಿತ್ತು. ಕೆಲವು ದಿನ ಕಳೆದ ಮೇಲೆ ಫೋನು ಬರುತ್ತಿತ್ತು: "ಮೀನು ಮ್ಯಾಲೆ ಬಂದು ಬಾಯಿ ಬಿಡಾಕತ್ತಾವು." ಮಾಲಕರು ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, "ಮೀನು ವೀಕ್ ಇದ್ವು. ಹೊಸಾವು ಬಿಡು" ಎನ್ನುತ್ತಿದ್ದರು.

ಫೋನಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಚಟ ಉಪಯೋಗಕ್ಕೆ ಬಂದ ಒಂದೇ ಜಾಗ ಅದು. ದೇವದುರ್ಗದಿಂದ ಯಾರೋ ಫಿಲ್ಟರ್ ಕೆಟ್ಟಿದೆ ಎಂದರೆ ಅಷ್ಟು ದೂರ ಹೋಗಿ ನೋಡಬೇಕೇ? "ಹ್ಯಾಂಗ ಸಪ್ಪಳ ಮಾಡ್ತದ, ಮಾಡಿ ತೋರಸ್ರಿ" ಎನ್ನುತ್ತಿದ್ದೆ. ಅವರಿಗೆ ನಾಚಿಕೆ. ಆಗ ನಾನೇ ಒಂದೊಂದು ಸಪ್ಪಳ ಮಾಡಿ ತೋರಿಸುವುದು. "ಕಟ್-ಕಟ್-ಕಟ್ ಅಂತದೇನ್ರಿ?" ಎಂದರೆ ಒಳಗಿನ ತಿರುಗುವ ಚಕ್ರಕ್ಕೆ ಬೋರಿನ ನೀರಿನ ಸುಣ್ಣ ಕಟ್ಟಿದೆ, ನಿಂಬೆರಸದಲ್ಲಿ ನೆನೆಸಿದರೆ ಬಿಡುತ್ತದೆ. "ಗೊರ್ರ್... ಗೊಳಕ್, ಗೊರ್ರ್... ಗೊಳಕ್?" ಎಂದರೆ ತೊಟ್ಟಿಯಲ್ಲಿ ನೀರು ಇಳಿದು ಫಿಲ್ಟರ್ ಗಾಳಿ ಕುಡಿಯುತ್ತಿದೆ. ಸಣ್ಣಗೆ ಹುಳ ಗುಂಯ್‌ಗುಟ್ಟಿದಂತೆ ಇದ್ದು ನೀರು ದಾರದ ಹಾಗೆ ಬೀಳುತ್ತಿದ್ದರೆ ಸ್ಪಂಜು ಕಟ್ಟಿಕೊಂಡಿದೆ. ಒಮ್ಮೆ ಕಲ್ಮಲದ ಗಿರಾಕಿಯೊಬ್ಬರು ಬಹಳ ಚೆನ್ನಾಗಿ ಸಪ್ಪಳ ಮಾಡಿ ತೋರಿಸಿದರು. ನಾನು ಚಕ್ರ ಸವೆದಿದೆ ಎಂದು ಹೊಸ ಚಕ್ರ ಕಟ್ಟಿಕೊಂಡು ಬಿಸಿಲಲ್ಲಿ ಹೋದೆ. ಸಪ್ಪಳ ಮಾಡುತ್ತಿದ್ದದ್ದು ತೊಟ್ಟಿಯ ಪಕ್ಕದ ಫ್ರಿಜ್ಜು. ಫ್ರಿಜ್ಜಿಗೆ ನನ್ನ ಹತ್ತಿರ ಸ್ಪಂಜು ಇರಲಿಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕಾದದ್ದು ದೇವದುರ್ಗದ ನರಸಮ್ಮನ ತೊಟ್ಟಿಯ ವಿಷಯ. ಮುಂದೆ ಆ ಮನೆಗೆ ನೀನೇ ಹೋಗಬೇಕು.

ನರಸಮ್ಮ ಜೀವನವಿಡೀ ಕೂಲಿಗೆ ಹೋದವಳು. ಮಗಳು ಸುಜಾತಾ ಓದಿ ಶಾಲೆಯ ಟೀಚರಾದ ಮೇಲೆ ತಾಯಿಯ ಕೂಲಿ ಬಿಡಿಸಿದರು. ಕೂಲಿ ಬಿಟ್ಟ ಕೈ ಸುಮ್ಮನಿರಬೇಕಲ್ಲ? ಅದು ಮನೆಯನ್ನು ತಿಕ್ಕಲು ಹತ್ತಿತು. ಪಾತ್ರೆ, ಕಟ್ಟೆ, ಕಿಟಕಿಯ ಸರಳು, ಗೋಡೆಯ ಮೇಲಿನ ಬುದ್ಧನ ಪಟದ ಗಾಜು, ಎಲ್ಲವೂ ಹೊಳೆಯುತ್ತಿದ್ದವು. ತಾಯಿಯ ಕೈಗೊಂದು ಕೆಲಸ ಇರಲಿ ಎಂದು ಸುಜಾತಾ ಟೀಚರು ಗೋಲ್ಡ್ ಫಿಶ್ ಇರುವ ತೊಟ್ಟಿ ಕೊಂಡರು. ನರಸಮ್ಮ ಅದನ್ನೂ ತಿಕ್ಕಿದಳು. ಮನೆಗೆ ಬುದ್ಧನ ಪಟ ಬಂದ ಮೇಲೂ ಅಮಾಸಿ ಮನೆ ಬಿಟ್ಟು ಹೋಗಿರಲಿಲ್ಲ. ಹೊಸ ಸ್ಪಂಜು ನಾನು ಹಾಕಿ ಬಂದಿದ್ದರೂ, ಅಮಾವಾಸ್ಯೆಯ ಬೆಳಿಗ್ಗೆ ಅದನ್ನು ತೆಗೆದು ಬ್ಲೀಚಿಂಗ್ ಪುಡಿಯಲ್ಲಿ ಇನ್ನೊಮ್ಮೆ ಒಗೆದು ಬಿಸಿಲಿಗೆ ಒಣಹಾಕುತ್ತಿದ್ದಳು. ಮೀನು ಸತ್ತವು. ಮತ್ತೆ ಬಿಟ್ಟೆವು. ಮತ್ತೆ ಸತ್ತವು.

ಒಂದು ಸಲ ನಾನು ಹೋದಾಗ ತೊಟ್ಟಿಯಲ್ಲಿ ಎರಡೇ ಮೀನು ಉಳಿದಿದ್ದವು. ನರಸಮ್ಮ ತೊಟ್ಟಿಗೆ ಬೆನ್ನು ಮಾಡಿ ಕುಳಿತಿದ್ದಳು.

"ಯವ್ವಾ, ಹೆಂಗದಾವ ನಿನ್ನ ಮೀನು?" ಎಂದೆ.

"ನನ್ನ ಕೇಳಬ್ಯಾಡ. ನಾ ಮುಟ್ಟಂಗಿಲ್ಲ ಅವನ್ನ. ನನ್ನ ಕೈಗುಣ ಚಲೋ ಇಲ್ಲಪಾ."

ನಾನು ತಮಾಷೆ ಮಾಡಲು ಹೋಗಿ ಅವಳದೇ ದನಿಯಲ್ಲಿ, "ಕೈಗುಣ ಚಲೋ ಇಲ್ಲಪಾ, ಕಾಲ್ಗುಣ ಹೆಂಗದ ನೋಡಬೇಕು" ಎಂದೆ. ಅವಳು ನಗಲಿಲ್ಲ. ನನ್ನ ನಕಲಿಗೆ ನಗದವರು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಹೊರಡುವಾಗ ಸುಜಾತಾ ಟೀಚರು ಗೇಟಿನವರೆಗೆ ಬಂದರು. ಅವರಿಗೆ ಆಗ ದಿನ ತುಂಬುತ್ತಾ ಬಂದಿದ್ದವು. ತಗ್ಗಿದ ದನಿಯಲ್ಲಿ ಹೇಳಿದರು: "ಹನುಮೇಶ, ಅವ್ವ ಕೂಸಿಗೆ ಎರಿಯಂಗಿಲ್ಲ ಅಂತ ಕುಂತಾಳ. ಎಣ್ಣಿ ಹಚ್ಚಂಗಿಲ್ಲ, ನೀರು ಹಾಕಂಗಿಲ್ಲ, ಮುಟ್ಟಂಗಿಲ್ಲ ಅಂತಾಳ. 'ಈ ಕೈಯಾಗ ಮೀನಾ ಉಳೀಲಿಲ್ಲ, ಕೂಸು ಹೆಂಗ ಕೊಡ್ತಿ' ಅಂತಾಳ. ನಾ ಎಷ್ಟ ಹೇಳಿದ್ರೂ ಕೇಳವಲ್ಲಳು. ಓಣಿ ಕೂಸಿಗೆಲ್ಲಾ ಎರದಾಕಿ ಆಕಿ, ನನ್ನ ಕೂಸಿಗೆ ಒಲ್ಲೆ ಅಂತಾಳ. ಬರೂ ಅಮಾಸಿಗೂ ಈ ಎರಡು ಸತ್ವಂದ್ರ ಮುಗೀತು. ಏನರ ಮಾಡು."

ತೊಟ್ಟಿ ತೊಳೆಯುವವನಿಗೆ ಎಂಥೆಂಥ ಜವಾಬ್ದಾರಿ ಬರುತ್ತದೆ ನೋಡು. ನಾನು "ನೋಡೋಣ್ರಿ ಟೀಚರ್ರಿ" ಎಂದೆ. ಏನು ನೋಡಬೇಕೆಂಬುದೇ ನನಗೆ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಮಾನ್ವಿಯಲ್ಲಿ, ಅದೂ ಒಬ್ಬ ಸೋಮಾರಿಯ ಹತ್ತಿರ. ಶರಣಪ್ಪ ಸಾವ್ಕಾರರ ಅಕ್ಕಿ ಮಿಲ್ಲಿನ ಆಫೀಸಿನಲ್ಲಿ ಒಂದು ದೊಡ್ಡ ತೊಟ್ಟಿ ಇದೆ. ಸಾವ್ಕಾರರು ಗಾದಿಯ ಮೇಲೆ ಕುಳಿತರೆ ಏಳುವವರಲ್ಲ. ನಮ್ಮ ಅಮಾವಾಸ್ಯೆ ಪದ್ಧತಿಗೆ ಒಪ್ಪದ ಗಿರಾಕಿ ಅವರೊಬ್ಬರೇ. "ಅಮಾಸಿ ಪೂಜಿ ಮುಂದಿಟ್ಕೊಂಡು ಗಾದಿ ಹತ್ರ ಬಕೀಟು ತಂದು ರಾಡಿ ಮಾಡಬ್ಯಾಡ" ಎಂದು ಗದರಿಸಿ ಕಳಿಸುತ್ತಿದ್ದರು. ಮಿಲ್ಲಿನ ತೌಡಿನ ಧೂಳು ಎಲ್ಲ ಕಡೆ ಕೂರುತ್ತದೆ, ತೊಟ್ಟಿಯೂ ಬಿಟ್ಟಿಲ್ಲ. ಅವರ ಫಿಲ್ಟರಿನ ಸ್ಪಂಜು ಕಾಫಿ ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿತ್ತು. ಮುಟ್ಟಿದರೆ ಕೈ ತೊಳೆಯಬೇಕು. ಅದರೊಳಗಿನ ಮೀನುಗಳು ಮಾತ್ರ ಗಟ್ಟಿಮುಟ್ಟಾಗಿ, ಸಾವ್ಕಾರರ ಹಾಗೇ ಹೊಟ್ಟೆ ಬಿಟ್ಟುಕೊಂಡು ತಿರುಗುತ್ತಿದ್ದವು.

ನರಸಮ್ಮನ ಮನೆಯಿಂದ ಬಂದ ಮರುದಿನ ನಾನು ಅವರನ್ನು ಕೇಳಿಯೇಬಿಟ್ಟೆ: "ಸಾವ್ಕಾರ್ರಿ, ಇಷ್ಟು ಹೊಲಸಿನಾಗ ನಿಮ್ಮ ಮೀನು ಹೆಂಗ ಬದುಕ್ಯಾವು?"

"ನಾ ಏನ್ ಮಾಡಂಗಿಲ್ಲಪಾ. ನೀರು ಸಣ್ಣಗ ಬೀಳಾಕ ಹತ್ತಿದ್ರ ಸ್ಪಂಜ ತೆಗೀತೀನಿ, ತೊಟ್ಟಿ ನೀರು ಒಂದು ಡಬರಿಯಾಗ ತೊಗೊಂಡು ಅದರಾಗಾ ಹಿಂಡಿ ಒಳಗ ಒಗೀತೀನಿ."

"ನಳದಾಗ ಯಾಕ ತೊಳ್ಯಂಗಿಲ್ರಿ?"

"ನಳ ಅಲ್ಲಿ ಅದ, ನಾ ಇಲ್ಲಿ ಅದೀನಿ" ಎಂದರು. ಮತ್ತೆ, "ನಿಮ್ಮವ್ವ ಮಸರಿನ ಗಡಿಗಿ ತೊಳದು, ಹೆಪ್ಪು ಹಾಕದನಾ ಹಾಲು ಇಟ್ರ ಮಸರು ಆಗ್ತದೇನ್ಲೇ? ಹಳೇ ಮಸರು ಒಂದೀಟು ಇರಬೇಕಿಲ್ಲೋ? ಇದೂ ಹಂಗಾ ಇರಬೇಕು" ಎಂದು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆಮೇಲೆ ಓದಿಯೂ ತಿಳಿದುಕೊಂಡೆ. ಮೀನಿನ ಹೇಲು, ತಿನ್ನದೆ ಉಳಿದ ಕಾಳು ನೀರಿನಲ್ಲಿ ಕೊಳೆತು ಅಮೋನಿಯಾ ಎಂಬ ವಿಷ ಆಗುತ್ತದೆ. ಅದನ್ನು ತಿಂದು ನೀರನ್ನು ಸರಿ ಮಾಡುವ ಕಣ್ಣಿಗೆ ಕಾಣದ ಜೀವಿಗಳು ಇರುವುದೇ ಆ ಹೊಲಸು ಸ್ಪಂಜಿನಲ್ಲಿ. ನಳದ ನೀರಿನ ಕ್ಲೋರಿನ್ನು, ಬ್ಲೀಚಿಂಗ್ ಪುಡಿ, ಬಿಸಿಲು ಯಾವುದು ತಾಗಿದರೂ ಅವು ಸಾಯುತ್ತವೆ. ಹೊಸ ಸ್ಪಂಜಿನಲ್ಲಿ ಅವು ಮತ್ತೆ ಹುಟ್ಟಿ ಬೆಳೆಯಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಮೀನು ತನ್ನದೇ ಹೊಲಸಿನ ವಿಷದಲ್ಲಿ ಬಾಯಿ ಬಿಡುತ್ತದೆ. ನಾವು ಪ್ರತಿ ಅಮಾವಾಸ್ಯೆಗೆ ಹೆಪ್ಪಿನ ಗಡಿಗೆಯನ್ನೇ ಒಡೆದು ಹೊಸದು ಇಡುತ್ತಿದ್ದೆವು.

ದೇವದುರ್ಗದ ತೊಟ್ಟಿಗೆ ಹೆಪ್ಪು ಬೇಕು, ಮಾನ್ವಿಯ ತೊಟ್ಟಿಯಲ್ಲಿ ಹೆಪ್ಪು ಇದೆ. ಅಮಾವಾಸ್ಯೆ ಹತ್ತಿರ ಇತ್ತು. ಸಾವ್ಕಾರರ ಸ್ಪಂಜಿನಲ್ಲಿ ಅರ್ಧ ಕೇಳಿ ತರೋಣ ಎಂದು ಮರುದಿನ ಮಧ್ಯಾಹ್ನದ ಮೇಲೆ ಅಂಗಡಿಗೆ ಹೋದರೆ, ಮಾಲಕರು ಇರಲಿಲ್ಲ. ಪಕ್ಕದ ಚಹಾದಂಗಡಿಯವನು ಹೇಳಿದ: "ಮಾನ್ವಿಗೆ ಹೋದ್ರು. ಆ ಮಿಲ್ಲಿನ ಸಾವ್ಕಾರಗ ಹೊಸಾ ಫಿಲ್ಟರ್ ಹಾಕಿ, ಹಳೇದು ತಿಪ್ಪಿಗೆ ಒಗದಾ ಬರ್ತೀನಿ ಅಂತ ಹಟ ಹಿಡದು ಹೋಗ್ಯಾರ."

ಮಾಲಕರಿಗೆ ಫೋನ್ ಮಾಡಿ ಹೇಳಿದರೆ ಕೇಳುವವರಲ್ಲ. ಸಾವ್ಕಾರರು ನನ್ನ ಮಾತು ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಮಾಲಕರ ಮಾತಾದರೆ ಕೇಳಬಹುದು. ದಾರಿಯಲ್ಲಿ ಮಾಲಕರು ಇನ್ನೂ ಕಲ್ಮಲ ದಾಟಿರಲಿಕ್ಕಿಲ್ಲ ಎಂದು ಲೆಕ್ಕ ಹಾಕಿ, ಒಂದು ಅಡಿಕೆ ಹೋಳು ದವಡೆಗೆ ಇಟ್ಟುಕೊಂಡು, ಬೇರೆ ನಂಬರಿನಿಂದ ಸಾವ್ಕಾರರಿಗೆ ಫೋನ್ ಹಚ್ಚಿದೆ.

"ಸಾವ್ಕಾರ್ರಿ, ನಾ ಬಸಣ್ಣ ಮಾತಾಡಾಕತ್ತೀನ್ರಿ. ಇವತ್ತ ನಿಮ್ಮ ಫಿಲ್ಟರ್ ಬದಲಿ ಮಾಡೂದು ಬ್ಯಾಡ್ರಿ. ಹಳೇ ಸ್ಪಂಜ ಹಂಗಾ ಹುಷಾರಿ ಇಟ್ಟಿರ್ರಿ. ಯಾರ ಬಂದು ಕೇಳಿದ್ರೂ ಒಗೀಬ್ಯಾಡ್ರಿ."

ಸಾವ್ಕಾರರು ನಿಧಾನವಾಗಿ ಕೇಳಿದರು: "ಬಸಣ್ಣ ನನ್ನ ಮುಂದ ಕುಂತು ಚಾ ಕುಡ್ಯಾಕತ್ತಾನ. ನೀ ಯಾವ ಬಸಣ್ಣ?"

ಅಡಿಕೆ ಗಂಟಲಿಗೆ ಇಳಿಯಿತು. ಕೆಮ್ಮು ಹತ್ತಿಕೊಂಡಿತು. ಕೆಮ್ಮು ಮಾತ್ರ ನನ್ನದೇ ದನಿಯಲ್ಲಿ ಬಂತು. ಫೋನು ಕೈ ಬದಲಾಯಿತು. "ಮಂಗ್ಯಾ! ಈಗಿಂದೀಗ ಇಲ್ಲಿ ಬಾ" ಎಂದರು ನಿಜವಾದ ಬಸಣ್ಣ.

ಬೈಕು ಕಲ್ಮಲ, ನೀರಮಾನ್ವಿ ದಾಟಿ ಮಿಲ್ಲು ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇಬ್ಬರೂ ನನ್ನನ್ನೇ ಕಾಯುತ್ತಾ ಕುಳಿತಿದ್ದರು. ಹೊಸ ಫಿಲ್ಟರಿನ ಡಬ್ಬಿ ಇನ್ನೂ ಒಡೆದಿರಲಿಲ್ಲ. ಹಳೆಯದು ಗುಂಯ್ ಎನ್ನುತ್ತಾ ನಡೆದಿತ್ತು. ನನಗೆ ಜೀವ ಬಂತು.

"ಮೊದಲ ಅವನ ದನಿ ತಗಿ" ಎಂದರು ಸಾವ್ಕಾರರು. "ನನ್ನ ಮುಂದ ತಗಿ. ಆಮ್ಯಾಲೆ ಬೈಯ್ಯೂದು."

ಮಾಲಕರ ಎದುರಿಗೇ ಮಾಲಕರ ದನಿ ತೆಗೆದೆ: "ಮೀನು ವೀಕ್ ಇದ್ವು. ಹೊಸಾವು ಬಿಡು." ಸಾವ್ಕಾರರು ಗಾದಿಯ ಮೇಲೆ ಉರುಳಿ ನಕ್ಕರು. ಮಾಲಕರು ಮುಖ ಕೆಂಪಗೆ ಮಾಡಿಕೊಂಡು, "ನಾ ಎಲ್ಲಿ ಹಂಗ ಮಾತಾಡ್ತೀನ್ಲೇ ಮಂಗ್ಯಾ?" ಎಂದು ಸರಿಯಾಗಿ ಹಾಗೆಯೇ ಮಾತಾಡಿದರು. ಸಾವ್ಕಾರರು ಎರಡನೆಯ ಸಲ ಉರುಳಿದರು.

ನಗು ನಿಂತ ಮೇಲೆ ನನ್ನದೇ ದನಿಯಲ್ಲಿ ನರಸಮ್ಮನ ವಿಷಯ ಹೇಳಿ, ಅವಳ ತೊಟ್ಟಿಗೆ ಹೆಪ್ಪಾಗಿ ಅರ್ಧ ಸ್ಪಂಜು ಕೇಳಿದೆ. ಕೂಸಿನ ಮಾತು ಬಂದಾಗ ಮಾಲಕರು ಅಡಿಕೆ ಉಗುಳಿ ಬಂದು ಕುಳಿತರು. ಅಡಿಕೆ ಇಲ್ಲದ ಬಾಯಲ್ಲಿ ಅವರ ದನಿ ಬೇರೆಯೇ ಇತ್ತು. ಅದನ್ನು ನಾನು ಇವತ್ತಿಗೂ ತೆಗೆಯಲಾರೆ. "ಒಂದು ತೊಟ್ಟಿಗೆ ನೋಡೂಣು. ಅಮಾಸಿ ದಾಟಿ ಮೀನು ಉಳದ್ವು ಅಂದ್ರ ನಿನ್ನ ಪದ್ಧತಿ, ಇಲ್ಲಂದ್ರ ನನ್ನ ಪದ್ಧತಿ" ಎಂದರು.

ನಾನು ಸ್ಪಂಜಿಗೆ ಕೈ ಹಾಕಿದೆ. ಸಾವ್ಕಾರರು ಕೈ ಅಡ್ಡ ಹಿಡಿದರು. ಹೊರಗೆ ಮಿಲ್ಲಿನ ದೇವರ ಗೂಡಿನಲ್ಲಿ ದೀಪ ಹಚ್ಚಿಯಾಗಿತ್ತು.

"ದೀಪಾ ಹಚ್ಚಿದ ಮ್ಯಾಲೆ ಮನ್ಯಾಗಿನ ಹೆಪ್ಪು ಹೊರಗ ಕೊಡಂಗಿಲ್ಲ. ಮುಂಜಾನಿ ಬಾ."

"ಸಾವ್ಕಾರ್ರಿ, ಇದು ಸ್ಪಂಜರೀ!"

"ಹೆಪ್ಪು ಅಂತ ನೀನಾ ಅಂದಿ. ಈಗ ಸ್ಪಂಜ ಅಂದ್ರ ನಡಿಯಂಗಿಲ್ಲ."

ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮತ್ತೆ ಹೋದೆ. ಸ್ಪಂಜನ್ನು ಕತ್ತರಿಯಿಂದ ಎರಡು ಹೋಳು ಮಾಡಿ, ಅರ್ಧ ಅವರ ಫಿಲ್ಟರಿಗೇ ಬಿಟ್ಟು, ಜೊತೆಗೆ ಹೊಸ ಸ್ಪಂಜಿನ ಅರ್ಧ ಸೇರಿಸಿದೆ. ಉಳಿದರ್ಧವನ್ನು ಅದೇ ತೊಟ್ಟಿಯ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ, ಗಾಳಿಯಾಡಲು ಮುಚ್ಚಳ ಸಡಿಲ ಬಿಟ್ಟು, ಬಿಸಿಲೇರುವ ಮುಂಚೆ ದೇವದುರ್ಗ ಮುಟ್ಟಿದೆ. ರೇಣುಕಾ, ಇದು ನೆನಪಿಡು: ಅದು ಒಣಗಿದರೆ, ಕಾದರೆ, ಉಸಿರುಗಟ್ಟಿದರೆ ಕೈಯಲ್ಲಿರುವುದು ಬರೀ ರಾಡಿ. ಇನ್ನೊಬ್ಬರ ತೊಟ್ಟಿಯಿಂದ ತರುವುದಾದರೆ ಆ ತೊಟ್ಟಿಯಲ್ಲಿ ರೋಗದ ಮೀನು ಇರಬಾರದು.

ನರಸಮ್ಮ ಡಬ್ಬಿಯೊಳಗೆ ಇಣುಕಿ ಮುಖ ಕಿವುಚಿದಳು. "ಥೂ, ಏನದು ಹೊಲಸ?"

"ಹೆಪ್ಪು ಯವ್ವಾ. ನಿನ್ನ ತೊಟ್ಟಿಗೆ ಹೆಪ್ಪಿಲ್ಲ, ಅದಕ್ಕಾ ಮೀನು ಸಾಯಾಕತ್ತಾವು. ಗಡಿಗಿ ಹಗಲೆಲ್ಲಾ ತಿಕ್ಕಿ ತೊಳದು, ಹೆಪ್ಪಿಲ್ದ ಹಾಲು ಇಟ್ರ ಏನಾಗ್ತದ?"

"ಒಡೀತದ."

"ಒಡದ್ರ ಕೈಗುಣ ಕೆಟ್ಟದ್ದಂತಿಯೋ, ಹೆಪ್ಪು ಹಾಕಿಲ್ಲ ಅಂತಿಯೋ?"

ಅವಳು ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಕೇಳಿದಳು, "ಯಾರ ಮನೀದು?"

"ಮಾನ್ವಿ ಶರಣಪ್ಪ ಸಾವ್ಕಾರ್ರ ಮಿಲ್ಲಿಂದು."

ನರಸಮ್ಮ ಅವತ್ತು ಮೊದಲ ಸಲ ನಕ್ಕಳು. "ಆ ಮಿಲ್ಲಿನ ಕಣದಾಗ ನೆಲ್ಲು ಒಣಗಿಸೀನಿ ನಾನು, ಇವರಪ್ಪನ ಕಾಲದಾಗ. ನೀರಡಿಕಿ ಅಂದ್ರ ಮಜ್ಜಗಿ ಮ್ಯಾಲಿಂದ ಹೊಯ್ತಿದ್ರು ಬೊಗಸಿಗೆ. ಈಗ ನೋಡು, ಡಬ್ಬಿ ತುಂಬ ಹೆಪ್ಪು ಕಳಿಸ್ಯಾರ!"

"ಹೊಲಸ ಹೆಪ್ಪು ಯವ್ವಾ."

"ಇರ್ಲಿ ಬಿಡು, ಕೊಟ್ಟಾರಲ್ಲ" ಎಂದಳು.

ಸ್ಪಂಜನ್ನು ನಾನು ಫಿಲ್ಟರಿಗೆ ಹಾಕಲಿಲ್ಲ, ಅವಳ ಕೈಯಿಂದಲೇ ಹಾಕಿಸಿದೆ. ಮುಟ್ಟಬೇಡ ಎಂದು ಹೇಳಿ ಬಂದರೆ ಆ ಕೈ ಸುಮ್ಮನಿರುವುದಿಲ್ಲ. ಸುಮ್ಮನಿದ್ದರೂ ಕೈಗುಣ ಕೆಟ್ಟದ್ದೆಂದೇ ಉಳಿಯುತ್ತದೆ. ಅದಕ್ಕೇ ಕೆಲಸ ಕೊಟ್ಟೆ: "ನೀರು ಸಣ್ಣಗ ಬಿದ್ದಾಗ ಮಾತ್ರ ತೆಗೀಬೇಕು. ತೊಟ್ಟಿ ನೀರು ಬೋಗಾಣಿಗೆ ತೊಗೊಂಡು ಅದರಾಗ ಮೆತ್ತಗ ಹಿಂಡಬೇಕು. ಕೂಸಿನ ತಲಿ ಒತ್ತಿದಂಗ. ನೀನಾ ಮಾಡಬೇಕು, ಟೀಚರಿಗೆ ಬರಂಗಿಲ್ಲ." ಟೀಚರು ಬಾಗಿಲಲ್ಲಿ ನಿಂತು, "ನನಗ ಏನೂ ಬರಂಗಿಲ್ಲ" ಎಂದು ತಕ್ಷಣ ಒಪ್ಪಿಕೊಂಡರು.

ಅಮಾವಾಸ್ಯೆ ಬಂತು. ನರಸಮ್ಮ ಮನೆಯೆಲ್ಲ ತೊಳೆದು, ತೊಟ್ಟಿಯ ಹೊರಗಿನ ಗಾಜನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ, ಕೈ ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳಂತೆ. ಟೀಚರು ಫೋನಿನಲ್ಲಿ ಹೇಳಿದರು. ಮಾಲಕರು ದಿನಾ ನನ್ನನ್ನು ಕೇಳುತ್ತಿದ್ದರು: "ಸತ್ವೇನು?" "ಇಲ್ರಿ." "ಬರೋಬ್ಬರಿ ನೋಡಿದ್ರೇನು?" "ಈಜಾಕತ್ತಾವಂತ್ರಿ." ಮುಂದಿನ ಅಮಾವಾಸ್ಯೆಗೆ ಅಂಗಡಿಯಿಂದ ಸ್ಪಂಜಿನ ಕಟ್ಟು ಹೊರಗೆ ಹೋಗಲಿಲ್ಲ. ಮಾಲಕರು ಅಮಾಸಿಯ ಮಾತು ತೆಗೆಯಲಿಲ್ಲ, ನಾನೂ ಅವರ ದನಿ ತೆಗೆಯಲಿಲ್ಲ.

ಹಾಗಾದರೆ ಬದಲಿ ಯಾವಾಗ, ಎಂದು ಕೇಳಿದೆಯಲ್ಲ ರೇಣುಕಾ. ಸ್ಪಂಜು ಹೊಲಸಾಗಿದೆ ಎಂದು ಬದಲಿ ಮಾಡುವುದಿಲ್ಲ. ಹಿಂಡಿ ಬಿಟ್ಟ ಮೇಲೂ ಉಬ್ಬದೆ ಹಪ್ಪಳದ ಹಾಗೆ ಚಪ್ಪಟೆ ಉಳಿದರೆ, ಕೈಯಲ್ಲಿ ಚೂರು ಚೂರಾದರೆ, ಆಗ ಬದಲಿ. ಅದೂ ಅರ್ಧ ಮಾತ್ರ. ಉಳಿದರ್ಧ ಕೆಲವು ವಾರ ಕಳೆದ ಮೇಲೆ. ಬಿಳಿ ಹತ್ತಿಯಂಥ ಪದರ ಬರೀ ಕಸ ಹಿಡಿಯಲು ಇರುವುದು, ಕಟ್ಟಿಕೊಂಡಾಗ ಎಸೆ. ಕರಿ ಇದ್ದಿಲಿನ ಚೀಲ ತಿಂಗಳೊಪ್ಪತ್ತಿನಲ್ಲಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನು ಬದಲಿಸಬಹುದು. ಪಿಂಗಾಣಿಯ ಸಣ್ಣ ಬಳೆಗಳಿರುತ್ತವಲ್ಲ, ಹೆಪ್ಪು ಅವುಗಳಲ್ಲೂ ಇರುತ್ತದೆ, ಅವು ಪುಡಿಯಾಗುವವರೆಗೂ ಅವಕ್ಕೆ ಕೈ ಹಚ್ಚಬೇಡ. ಫಿಲ್ಟರೇ ಹೊಸದು ಬೇಕಾದರೆ ಹಳೆಯದರ ಪಕ್ಕದಲ್ಲಿ ಹೊಸದನ್ನೂ ನಡೆಸಿ, ಒಂದು ತಿಂಗಳಾದರೂ ಜೊತೆಗೆ ಬಿಡು. ತೊಟ್ಟಿಯ ನೀರು ಹೆಚ್ಚು ಬದಲಿಸಿದ ದಿನ ಫಿಲ್ಟರ್ ಮುಟ್ಟಬೇಡ, ಫಿಲ್ಟರ್ ಮುಟ್ಟಿದ ದಿನ ಕಾಳು ಕಮ್ಮಿ ಹಾಕು. ಇಷ್ಟೇ. ಇದನ್ನು ಕಲಿಯುವುದರಲ್ಲಿ ನನ್ನ ಬೆನ್ನು ಹೋಯಿತು.

ದೇವದುರ್ಗದಿಂದ ಕೊನೆಗೆ ಬಂದ ಫೋನಿನ ವಿಷಯ ಒಂದು ಉಳಿದಿದೆ. ಒಂದು ಬೆಳಿಗ್ಗೆ ಸುಜಾತಾ ಟೀಚರು ಫೋನ್ ಮಾಡಿ, "ಹನುಮೇಶ, ಒಂದು ಸಪ್ಪಳ ಕೇಳಸ್ತೀನಿ. ಏನಾಗ್ಯದ ಹೇಳು" ಎಂದು ಫೋನನ್ನು ಯಾವುದೋ ಕಡೆ ಹಿಡಿದರು. ದಬ, ದಬ, ದಬ ಎಂದು ನೀರು ಬೀಳುತ್ತಿತ್ತು. ನಡುವೆ ಒಂದು ಕ್ಷಣ ನಿಂತು ಮತ್ತೆ ದಬ, ದಬ. ನಾನು ಕಣ್ಣು ಮುಚ್ಚಿ ಕೇಳಿದೆ. ನೀರಿನ ಧಾರೆ ದಪ್ಪ ಇದೆ, ಅಂದರೆ ಸ್ಪಂಜು ಕಟ್ಟಿಲ್ಲ. ನಿಂತು ನಿಂತು ಬೀಳುತ್ತಿದೆ, ಅಂದರೆ ಗಾಳಿ ಸೇರಿದೆ.

"ಟೀಚರ್ರಿ, ಗಾಳಿ ಕುಡ್ಯಾಕತ್ತದ. ತೊಟ್ಟಿಗೆ ನೀರು ಹಾಕ್ರಿ. ಇಲ್ಲಂದ್ರ ಚಕ್ರ ಬದಲಿ..." ಎನ್ನುವಷ್ಟರಲ್ಲಿ ನನ್ನ ಫಿಲ್ಟರು ಹೋ ಎಂದು ಅತ್ತಿತು. ಗಂಟಲು ಕಿತ್ತುಬರುವ ಹಾಗೆ, ಎಳೆಯ ದನಿಯಲ್ಲಿ. ಅದರ ಮೇಲೆ ಇನ್ನೊಂದು ದನಿ: "ಆತು ಬಂಗಾರಾ, ಆತು ಆತು, ತಲಿಗೊಂದು ತಂಬಗಿ, ಮುಗೀತು." ಮತ್ತೆ ದಬ, ದಬ.

ಟೀಚರು ನಗುತ್ತಿದ್ದರು. ಬಚ್ಚಲಿನಿಂದ ನರಸಮ್ಮ ಕೂಗಿದಳು:

"ಯಾರು, ಮೀನಿನಾಂವನಾ? ಅಂವಗ ಹೇಳು, ಸ್ಪಂಜ ಇನ್ನೂ ಹೊಲಸ ಇಟ್ಟೀನಿ ಅಂತ!"